ಚೆಲ್ಲೋ ಕನ್ಸರ್ಟೋಗೆ ಹೋದ್ರೆ ಚಪ್ಪಾಳೆ ಯಾವಾಗ, ಸುಮ್ನಿರೋದು ಯಾವಾಗ: ಮುಂಬೈ ಕನ್ನಡಿಗರಿಗೊಂದು ಗೈಡು

ನಮ್ಮೋರು ನರಿಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರಕ್ಕೆ ಹೋಗಿ ಬಂದ್ಮೇಲೆ ಫೋನ್ ಮಾಡಿ ಕೇಳೋ ಪ್ರಶ್ನೆ ಸಂಗೀತದ ಬಗ್ಗೆ ಇರೋದೇ ಇಲ್ಲ ಮಾರಾಯ್ರೆ, ಚಪ್ಪಾಳೆ ಬಗ್ಗೆ ಇರುತ್ತೆ. ಮಧ್ಯದಲ್ಲಿ ನಿಲ್ಸಿದ್ರಲ್ಲ, ಆಗ ಹೊಡೀಬೇಕಿತ್ತಾ ಬೇಡ್ವಾ, ಪಕ್ಕದ ಸೀಟಿನ ಅಜ್ಜಿ ಯಾಕೆ ತಿರುಗಿ ನೋಡಿದ್ರು, ಎಲ್ರೂ ಎದ್ದು ನಿಂತ್ರಲ್ಲ ನಾವೂ ನಿಲ್ಬೇಕಿತ್ತಾ, ಇಂಥವೇ. ಟಿಕೆಟ್ಟಿಗೆ ಅಷ್ಟು ದುಡ್ಡು ಕೊಟ್ಟು ಎರಡು ತಾಸು ಬರೀ ಭಯದಲ್ಲಿ ಕೂತು ಬರೋದು ಅಂದ್ರೆ ಎಂತ ಕರ್ಮ.

ಅದಕ್ಕೇ ಇದು ಬರೀತಿದ್ದೀನಿ. ಚೆಲ್ಲೋ ಅಂದ್ರೆ ವಯಲಿನ್ ಜಾತಿಯ ದೊಡ್ಡ ವಾದ್ಯ, ಕೂತು ಮೊಣಕಾಲ ಮಧ್ಯೆ ಇಟ್ಕೊಂಡು ನುಡಿಸೋದು; ಕನ್ಸರ್ಟೋ ಅಂದ್ರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸೋಕೆ ಬರೆದ ಕೃತಿ. ನನ್ನ ಪ್ರಕಾರ ರೂಲ್ಸ್ ಬಾಯಿಪಾಠ ಮಾಡೋ ಅಗತ್ಯ ಇಲ್ಲ, ಚೆಲ್ಲೋ ನುಡಿಸೋರ ಕಮಾನು ಎಲ್ಲಿದೆ ಅಂತ ನೋಡ್ತಾ ಇದ್ರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತೆ. ಉಳಿದ ಕಾಲು ಪಾಲಿಗೆ ಸ್ವಲ್ಪ ಹೋಂವರ್ಕ್ ಬೇಕು, ಸ್ವಲ್ಪ ಧೈರ್ಯ ಬೇಕು.

ನಮ್ಮ ಅಭ್ಯಾಸ ಬೇರೆ ಅನ್ನೋದು ಮೊದ್ಲು ಒಪ್ಕೊಳ್ಳಿ

ಕಿಂಗ್ಸ್ ಸರ್ಕಲ್ ಷಣ್ಮುಖಾನಂದ ಹಾಲಲ್ಲಿ ಕೂತ್ರೆ ಆಲಾಪನೆ ಮುಗೀತಿದ್ದಂಗೆ ಚಪ್ಪಾಳೆ, ವಯಲಿನ್ನೋರು ಅದಕ್ಕೆ ಉತ್ತರ ಕೊಟ್ರೆ ಇನ್ನೊಂದು ಚಪ್ಪಾಳೆ, ತೊಡೆ ಮೇಲೆ ಆದಿತಾಳ ನಡೀತಾನೇ ಇರುತ್ತೆ, ಒಳ್ಳೆ ಸಂಗತಿ ಬಿದ್ರೆ ಭೇಷ್, ಹಿಂದೂಸ್ತಾನಿ ಆದ್ರೆ ಕ್ಯಾ ಬಾತ್ ಹೈ, ಸಮ್‌ಗೆ ಬಂದು ಕೂತಾಗ ಇಡೀ ಸಾಲಿನ ತಲೆ ಒಟ್ಟಿಗೆ ಅಲ್ಲಾಡುತ್ತೆ. ಅಲ್ಲಿ ನಾವು ಮಿಸುಕದೆ ಕೂತ್ರೆ ಹಾಡೋರಿಗೇ ಬೇಜಾರು. ಯಕ್ಷಗಾನ ಆದ್ರೆ ಶಿಳ್ಳೆನೂ ಸೇರ್ಕೊಳ್ಳುತ್ತೆ. ಹಳೇ ಕಂಪನಿ ನಾಟಕದಲ್ಲಂತೂ ಒನ್ಸ್ ಮೋರ್ ಅಂದ್ರೆ ಸತ್ತು ಬಿದ್ದ ಪಾತ್ರನೂ ಎದ್ದು ಇನ್ನೊಂದ್ಸಲ ಹಾಡಿ ಮತ್ತೆ ಸಾಯ್ತಿತ್ತಂತೆ, ಹಿರಿಯರು ಹೇಳೋ ಮಾತು.

ಇದೆಲ್ಲ ಇರೋ ಜನ ನರಿಮನ್ ಪಾಯಿಂಟ್‌ಗೆ ಹೋದ್ರೆ ಅಲ್ಲಿ ಸುಮಾರು 1100 ಸೀಟಿನ ಜಮ್ಶೆಡ್ ಭಾಭಾ ಥಿಯೇಟರಲ್ಲಿ ಒಬ್ರೂ ಉಸಿರಾಡ್ತಿಲ್ವೇನೋ ಅನ್ನೋ ಹಾಗೆ ಕೂತಿರ್ತಾರೆ. ಅವ್ರಿಗೆ ರಸ ಇಲ್ಲ ಅಂತಲ್ಲ. ವೆಸ್ಟರ್ನ್ ಕ್ಲಾಸಿಕಲಲ್ಲಿ ನುಡಿಸೋದು ಪೂರ್ತಿ ಬರೆದಿಟ್ಟ ಕೃತಿ, ಮೈಕ್ ಇರೋದಿಲ್ಲ, ಚೆಲ್ಲೋ ಒಂದೇ, ಎದುರಿಗೆ ಅರವತ್ತು ಎಪ್ಪತ್ತು ಜನರ ಆರ್ಕೆಸ್ಟ್ರಾ. ಆ ಒಂದು ವಾದ್ಯದ ಸಣ್ಣ ದನಿ ಬಾಲ್ಕನಿ ಕೊನೇ ಸಾಲಿಗೆ ಮುಟ್ಬೇಕು ಅಂದ್ರೆ ಹಾಲ್ ಸುಮ್ನಿರ್ಲೇಬೇಕು. ನೀವು ಮೆಲ್ಲಗೆ ವಾಹ್ ಅಂದ್ರೂ ಅದು ಪಕ್ಕದೋರ ಪಾಲಿನ ಎರಡು ಸ್ವರ ತಿಂದುಹಾಕುತ್ತೆ.

ಆದ್ರೆ ಇದು ಅನಾದಿಕಾಲದ ಶಾಸ್ತ್ರ ಅಂತ ಯಾರಾದ್ರೂ ನಿಮ್ಗೆ ಪಾಠ ಮಾಡಿದ್ರೆ ನಂಬ್ಬೇಡಿ. 1778ರಲ್ಲಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಹೊಸ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ನುಡಿಸಿದಾಗ ಮೊದಲ ಭಾಗದ ಮಧ್ಯದಲ್ಲೇ, ಸಂಗೀತ ನಡೀತಿರೋವಾಗ್ಲೇ ಜನ ಚಪ್ಪಾಳೆ ಹೊಡೆದ್ರು, ಆತ ಬೇಜಾರು ಮಾಡ್ಕೊಳ್ಳೋದು ಬಿಡಿ, ಇಲ್ಲಿ ಹೊಡೀತಾರೆ ಅಂತ ಗೊತ್ತಿದ್ದೇ ಆ ಜಾಗ ಬರೆದಿದ್ದೆ ಅಂತ ಅಪ್ಪನಿಗೆ ಕಾಗದ ಬರೆದ, ಕಚೇರಿ ಮುಗಿದ್ಮೇಲೆ ಖುಷೀಲಿ ಹೋಗಿ ಐಸ್‌ಕ್ರೀಮ್ ತಿಂದೆ ಅಂತಾನೂ ಬರೆದಿದ್ದಾನೆ. 1813ರಲ್ಲಿ ಬೀಥೋವನ್‌ನ ಏಳನೇ ಸಿಂಫನಿ ಮೊದಲ ಸಲ ನುಡಿಸಿದಾಗ ಎರಡನೇ ಭಾಗವನ್ನ ಅಲ್ಲೇ ಮತ್ತೆ ನುಡಿಸಬೇಕಾಯ್ತು, ಅಂದ್ರೆ ಅದು ನಮ್ಮ ಒನ್ಸ್ ಮೋರೇ. ಸುಮ್ನಿರೋ ಪದ್ಧತಿ ಗಟ್ಟಿಯಾಗಿದ್ದು ಆಮೇಲೆ, 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದಲ್ಲಿ. ತಮಾಷೆ ಏನಂದ್ರೆ 1882ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ ತನ್ನದೇ ಆಪೆರಾ ನೋಡ್ತಾ ಬ್ರಾವೋ ಅಂತ ಕೂಗಿದಾಗ ಜನ ಅವನಿಗೇ ಶ್ ಶ್ ಅಂದ್ರು. ಹಾಗಾಗಿ ಅಜ್ಜಿ ತಿರುಗಿ ನೋಡಿದ್ರೆ ತುಂಬಾ ತಲೆ ಕೆಡಿಸ್ಕೋಬೇಡಿ, ನೀವು ವಾಗ್ನರ್ ಸಾಲಲ್ಲೇ ಇದ್ದೀರಿ.

ಮನೇಲಿ ಮಾಡೋ ಹೋಂವರ್ಕ್

ಟಿಕೆಟ್ ಬುಕ್ ಮಾಡೋವಾಗ ಯಾವ ಕನ್ಸರ್ಟೋ ಅಂತ ಹಾಕಿರ್ತಾರೆ. ಯೂಟ್ಯೂಬಲ್ಲಿ ಒಂದು ಸಲ ಪೂರ್ತಿ ಕೇಳಿ, ಟ್ರೈನಲ್ಲಿ ನಿಂತ್ಕೊಂಡು ಕೇಳಿದ್ರೂ ಸಾಕು. ಎರಡೇ ವಿಷಯ ಗಮನಿಸಿ: ಎಷ್ಟು ಕಡೆ ನಿಲ್ಲುತ್ತೆ, ಕೊನೆ ಹೇಗೆ ಬರುತ್ತೆ.

ಸಾಮಾನ್ಯವಾಗಿ ಮೂರು ಭಾಗ, ಅಂದ್ರೆ ಎರಡು ಸಲ ನಿಲ್ಲುತ್ತೆ, ಮೂರನೇ ಸಲ ನಿಂತಾಗ ಮುಗೀತು. ದ್ವೋರ್ಜಾಕ್‌ದು ಹೀಗೇ, ಹತ್ತಿರ ಹತ್ತಿರ 40 ನಿಮಿಷ (ಇಲ್ಲಿ ಬರೋ ಹೆಸರೆಲ್ಲ ಚೆಲ್ಲೋ ಕನ್ಸರ್ಟೋ ಬರೆದೋರದು). ಹೈಡನ್‌ನ ಸಿ ಮೇಜರ್ ಅನ್ನೋ ಕನ್ಸರ್ಟೋದಲ್ಲೂ ಮೂರು ಭಾಗ (ಇದು ಇನ್ನೂರು ವರ್ಷ ಕಳೆದೇ ಹೋಗಿತ್ತು, 1961ರಲ್ಲಿ ಪ್ರಾಗ್‌ನಲ್ಲಿ ಹಸ್ತಪ್ರತಿ ಸಿಕ್ತು). ಎಲ್ಗರ್‌ದು ನಾಲ್ಕು ಭಾಗ, ಆದ್ರೆ ಮೊದಲನೇದು ಎರಡನೇದು ಅಂಟ್ಕೊಂಡೇ ಬರುತ್ತೆ, ಅಲ್ಲಿ ಎಣಿಕೆ ತಪ್ಪೋದು ಗ್ಯಾರಂಟಿ. ಸೆಂ-ಸಾನ್ಸ್ 1872ರಲ್ಲಿ ಬರೆದ ಮೊದಲ ಕನ್ಸರ್ಟೋ ಒಂದೇ ಉಸಿರು, 20 ನಿಮಿಷಕ್ಕೆ ಮುಗೀತದೆ, ಹೆದರೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಶೂಮನ್‌ದೂ ನಿಲ್ಲೋದಿಲ್ಲ, ಭಾಗಗಳ ಮಧ್ಯೆ ಚಪ್ಪಾಳೆ ಅಂದ್ರೆ ಆತನಿಗೆ ಆಗ್ತಿರ್ಲಿಲ್ಲ, ಹಾಗಾಗಿ ಜಾಗನೇ ಇಟ್ಟಿಲ್ಲ. ಶೊಸ್ತಕೋವಿಚ್‌ನ ಮೊದಲ ಕನ್ಸರ್ಟೋ ಇದ್ರೆ ಒಂದೇ ಕಡೆ ನಿಲ್ಲುತ್ತೆ, ಮೊದಲ ಭಾಗ ಆದ್ಮೇಲೆ, ಆಮೇಲಿನ ಮೂರೂ ಒಂದೇ ಓಟ.

ಈ ಶೊಸ್ತಕೋವಿಚ್‌ನಲ್ಲಿ ಮೂರನೇ ಭಾಗ ಇಡೀ ಕೆಡೆಂಜಾ, ಅಂದ್ರೆ ಆರ್ಕೆಸ್ಟ್ರಾ ಸುಮ್ನಿದ್ದು ಚೆಲ್ಲೋ ಒಂದೇ ನುಡಿಸೋ ಜಾಗ. ಕಂಡಕ್ಟರ್, ಅಂದ್ರೆ ಎದುರಿಗೆ ನಿಂತು ಕೈಯಲ್ಲಿ ಆರ್ಕೆಸ್ಟ್ರಾ ನಡೆಸೋರು, ಅವ್ರ ಕೈ ಕೆಳಗಿರುತ್ತೆ, ಆರ್ಕೆಸ್ಟ್ರಾದೋರು ಸುಮ್ನೆ ನೋಡ್ತಾ ಕೂತಿರ್ತಾರೆ, ಹಾಗಂತ ತನಿ ಆವರ್ತನ ಶುರುವಾಯ್ತು ಅಂತ ಕಾಫಿಗೆ ಏಳೋ ಹಾಗಿಲ್ಲ. ಏಳೋದಿರ್ಲಿ, ಮಿಸುಕ್ಬೇಡಿ. ಇದನ್ನ 1959ರಲ್ಲಿ ರೊಸ್ತ್ರಪೋವಿಚ್ ಅನ್ನೋ ಸೋವಿಯತ್ ಚೆಲ್ಲೋ ವಾದಕರಿಗೋಸ್ಕರ ಬರೆದಿದ್ದು, ಅವ್ರು ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿ ನುಡಿಸಿ ತೋರಿಸಿದ್ರು. ನೋಡೋರಿಗೆ ಸುಸ್ತಾಗುತ್ತೆ, ನುಡಿಸೋರ ಕಥೆ ಬಿಡಿ.

ಹಾಲ್‌ನಲ್ಲಿ

ಬೇಗ ಹೋಗಿ. ಶುರುವಾದ್ಮೇಲೆ ಬಾಗಿಲು ಹಾಕ್ತಾರೆ, ಚರ್ಚ್‌ಗೇಟಿಂದ ನಡ್ಕೊಂಡು ಬಂದೆ, ಟ್ಯಾಕ್ಸಿ ಸಿಗ್ಲಿಲ್ಲ ಅಂದ್ರೆ ಯಾರೂ ಕೇಳಲ್ಲ. ಕನ್ಸರ್ಟೋ ಸಾಧಾರಣವಾಗಿ ಇಂಟರ್ವಲ್‌ಗೆ ಮುಂಚೆನೇ ಇರುತ್ತೆ, ಮೊದ್ಲು ಒಂದು ಚಿಕ್ಕ ಓವರ್ಚರ್ ಅಂದ್ರೆ ಶುರುವಿನ ಕೃತಿ, ಆಮೇಲೆ ಕನ್ಸರ್ಟೋ, ಇಂಟರ್ವಲ್ ಆದ್ಮೇಲೆ ಸಿಂಫನಿ. ಡೊಂಬಿವಿಲಿ ಕಲ್ಯಾಣ್ ಕಡೆಯೋರಿಗೆ ಇದು ವರ, ಚೆಲ್ಲೋ ಪೂರ್ತಿ ಕೇಳಿ ಇಂಟರ್ವಲ್‌ನಲ್ಲಿ ಎದ್ದು ಸಿಎಸ್‌ಎಂಟಿ ಕಡೆ ಹೊರಟ್ರೆ ಯಾರಿಗೂ ಅವಮಾನ ಆಗಲ್ಲ. ಸಿಂಫನಿ ಮಧ್ಯೆ ಸೀಟಿಂದ ಸೀಟಿಗೆ ಮೊಣಕಾಲು ದಾಟ್ಕೊಂಡು ಹೋಗೋದಕ್ಕಿಂತ ಸಾವಿರ ಪಾಲು ವಾಸಿ.

ಮೊಬೈಲ್ ವೈಬ್ರೇಟ್ ಅಲ್ಲ, ಆಫ್. ಬಳೆ, ಪ್ಲಾಸ್ಟಿಕ್ ಚೀಲ, ವೆಲ್ಕ್ರೋ ಇರೋ ಪರ್ಸು, ಇವೆಲ್ಲ ಆ ಎಸಿ ಹಾಲಲ್ಲಿ ಲೌಡ್‌ಸ್ಪೀಕರ್ ಹಾಕಿದಂಗೆ ಕೇಳುತ್ತೆ. ಕೆಮ್ಮು ಬರೋರು ಪೆಪ್ಪರ್‌ಮಿಂಟಿನ ಕವರ್ ಮೊದ್ಲೇ ಬಿಚ್ಚಿ ಕರ್ಚೀಫಲ್ಲಿ ಸುತ್ತಿಟ್ಕೊಳ್ಳಿ. ಮೆಲ್ಲಗೆ ಬಿಚ್ಚಿದ್ರೆ ಕಮ್ಮಿ ಸದ್ದು ಅನ್ನೋದು ಸುಳ್ಳು, ಅದೇ ಸದ್ದು ಇನ್ನೂ ಉದ್ದಕ್ಕೆ ಬರುತ್ತೆ.

ಶುರುವಿನಲ್ಲಿ ಮೂರು ಸಲ ಧೈರ್ಯವಾಗಿ ಕೈ ತಟ್ಟಬಹುದು: ಆರ್ಕೆಸ್ಟ್ರಾ ಬಂದಾಗ, ಕನ್ಸರ್ಟ್‌ಮಾಸ್ಟರ್ ಅಂದ್ರೆ ಮೊದಲ ವಯಲಿನ್ನೋರು ಬಂದಾಗ, ಆಮೇಲೆ ಸೋಲೋಯಿಸ್ಟ್ (ಮುಂದೆ ಕೂತು ಚೆಲ್ಲೋ ನುಡಿಸೋರು) ಮತ್ತು ಕಂಡಕ್ಟರ್ ಬಂದಾಗ. ಸೋಲೋಯಿಸ್ಟ್ ಕೂತು ಚೆಲ್ಲೋದ ಕೆಳಗಿನ ಮೊಳೆ ನೆಲಕ್ಕೆ ಊರಿ, ತಂತಿ ಒಂಚೂರು ನೋಡ್ಕೊಂಡ್ರೆ ಅಲ್ಲಿಗೆ ನಿಮ್ಮ ಕೈ ತೊಡೆ ಮೇಲೆ. ತಾಳ ಹಾಕೋಕೆ ಅಲ್ಲ. ಹಾಕಿದ್ರೂ ಕೂರಲ್ಲ ಅದು, ಲಯ ಬೇಕಂತಲೇ ಎಳೀತಾರೆ, ಬಿಡ್ತಾರೆ, ಒಂದೇ ನಡೆಯಲ್ಲಿ ಹೋಗಲ್ಲ.

ದ್ವೋರ್ಜಾಕ್ ಆದ್ರೆ ಮೊದಲ ಮೂರ್ನಾಲ್ಕು ನಿಮಿಷ ಆರ್ಕೆಸ್ಟ್ರಾ ಮಾತ್ರ ನುಡಿಸುತ್ತೆ, ಸೋಲೋಯಿಸ್ಟ್ ಸುಮ್ನೆ ಕೂತಿರ್ತಾರೆ. ಎಲ್ಗರ್ ಆದ್ರೆ ಉಲ್ಟಾ, ಮೊದಲ ಸೆಕೆಂಡಿಂದಾನೇ ಚೆಲ್ಲೋ, ನೀವು ಸೀಟು ಸರಿ ಮಾಡ್ಕೊಳ್ಳೋದ್ರಲ್ಲಿ ಆ ಕೃತಿಯ ಅತ್ಯಂತ ಪ್ರಸಿದ್ಧ ಜಾಗ ಹೊರಟೇ ಹೋಗಿರುತ್ತೆ.

ಇನ್ನು ಭಾಗಗಳ ಮಧ್ಯೆ. ಸಂಗೀತ ನಿಲ್ಲುತ್ತೆ, ಸೋಲೋಯಿಸ್ಟ್ ಬೆವರು ಒರೆಸ್ಕೋತಾರೆ, ಮತ್ತು ಇಡೀ ಹಾಲ್ ಮೊದಲ ಮಳೆ ಬಿದ್ದ ರಾತ್ರಿ ಗದ್ದೆ ಕಪ್ಪೆಗಳು ಶುರು ಮಾಡಿದ ಹಾಗೆ ಒಟ್ಟಿಗೆ ಕೆಮ್ಮುತ್ತೆ. ಅಷ್ಟು ಹೊತ್ತು ತಡ್ಕೊಂಡಿದ್ದೆಲ್ಲ ಆಗ. ಇಲ್ಲಿ ಕಮಾನು ನೋಡಿ ಅಂದಿದ್ದು ಕೆಲಸಕ್ಕೆ ಬರುತ್ತೆ. ಕಮಾನು ತಂತಿ ಹತ್ರಾನೇ ಮೇಲೆ ತೇಲ್ತಾ ಇದ್ರೆ, ಕಂಡಕ್ಟರ್ ಕೈ ಇಳೀದೇ ಇದ್ರೆ, ಮುಗಿದಿಲ್ಲ. ಕಮಾನು ತೊಡೆ ಪಕ್ಕಕ್ಕೆ ಬಂದು, ಕಂಡಕ್ಟರ್ ಬೆನ್ನು ಸಡಿಲ ಆದ್ರೂ ಅವ್ರು ನಿಮ್ಮ ಕಡೆ ತಿರುಗದೇ ಇದ್ರೆ ಅದು ಮಧ್ಯದ ನಿಲುಗಡೆ. ತಿರುಗಿದ್ರೆ, ಅಥವಾ ಸೋಲೋಯಿಸ್ಟ್ ಮುಖ ಎತ್ತಿ ನಕ್ರೆ, ಅಥವಾ ಎದ್ದು ನಿಂತ್ರೆ, ಮುಗೀತು, ಹೊಡೀರಿ.

ಆದ್ರೂ ದ್ವೋರ್ಜಾಕ್‌ನ ಮೊದಲ ಭಾಗ ಅಷ್ಟು ಜೋರಾಗಿ, ಅಷ್ಟು ಗೆದ್ದ ಹಾಗೆ ಮುಗಿಯುತ್ತಲ್ಲ, ಅಲ್ಲಿ ಯಾರಾದ್ರೂ ಹತ್ತು ಜನ ಚಪ್ಪಾಳೆ ಹೊಡೆದ್ರೆ ನನಗೇನೂ ಅನ್ಸಲ್ಲ, ನಿಜ ಹೇಳ್ಬೇಕಂದ್ರೆ ಖುಷಿನೇ ಆಗುತ್ತೆ, ಕೇಳಿದ್ದಕ್ಕೆ ಸಾಕ್ಷಿ ಅದು. ಬಹಳಷ್ಟು ಸೋಲೋಯಿಸ್ಟ್‌ಗಳು ತಲೆ ಬಾಗಿಸಿ ನಗ್ತಾರೆ. ನಿಧಾನ ಭಾಗ ಮುಗಿದು ದನಿ ಇನ್ನೂ ಗಾಳೀಲಿ ಇರೋವಾಗ ಪಟಪಟ ಅಂದ್ರೆ ಮಾತ್ರ ಹೊಟ್ಟೆ ಉರಿಯುತ್ತೆ. ಬೇರೆಯೋರು ಹೊಡೆದ್ರೆ ನೀವು ಶ್ ಅನ್ಬೇಡಿ, ಆ ಶ್ ಚಪ್ಪಾಳೆಗಿಂತ ಅಸಹ್ಯ.

ಚಪ್ಪಾಳೆ ಯಾತಕ್ಕೆ?

ಇದು ಯಾರೂ ಕೇಳಲ್ಲ. ವರ್ಚುಓಸೋ, ಅಂದ್ರೆ ಮಹಾ ಕೈಚಳಕದೋರು, ಅಂತ ಪೋಸ್ಟರ್‌ನಲ್ಲಿ ಹಾಕಿರ್ತಾರೆ, ಬೆರಳು ಸರಸರ ಓಡಿದ್ರೆ ಜನ ಬೆರಗಾಗ್ತಾರೆ, ಕೂದಲು ಹಾರಿಸಿ ಕಣ್ಣು ಮುಚ್ಚಿ ಮುಖ ಕಿವುಚಿದ್ರೆ ಇನ್ನೂ ಬೆರಗು. ಓಟ ಕಷ್ಟವೇ, ಇಲ್ಲ ಅನ್ನಲ್ಲ. ಆದ್ರೆ ಚೆಲ್ಲೋದಲ್ಲಿ ಅದಕ್ಕಿಂತ ಕಷ್ಟದ್ದು ಬೇರೆ ಉಂಟು, ಅದು ಕಿವಿಗೆ ಸಿಕ್ರೆ ನಿಮ್ಮ ರಿಯಾಕ್ಷನ್‌ಗೊಂದು ತೂಕ ಬರುತ್ತೆ.

ನಾಲ್ಕೇ ತಂತಿ, ಗಿಟಾರ್ ತರ ಮೆಟ್ಟಿಲು ಇಲ್ಲ, ಎಲ್ಲಿ ಒತ್ಬೇಕು ಅನ್ನೋದು ಬೆರಳಿನ ನೆನಪು. ವಯಲಿನ್‌ಗಿಂತ ತಂತಿ ಉದ್ದ, ಹಾಗಾಗಿ ಸ್ವರದಿಂದ ಸ್ವರಕ್ಕೆ ಕೈ ಹಾರೋ ದೂರ ಜಾಸ್ತಿ. ತಾರಸ್ಥಾಯಿಗೆ ಹೋಗ್ಬೇಕಾದ್ರೆ ಹೆಬ್ಬೆರಳನ್ನ ಹಿಂದಿನಿಂದ ತೆಗೆದು ತಂತಿ ಮೇಲೇ ಇಟ್ಟು ನುಡಿಸ್ತಾರೆ, ಎಡಗೈ ಕೆಳಕ್ಕೆ ಕುದುರೆ (ತಂತಿ ಹೊತ್ತಿರೋ ಬ್ರಿಡ್ಜ್) ಕಡೆ ಇಳಿದಾಗ ನೋಡಿ, ಕಾಣುತ್ತೆ. ಅಲ್ಲಿ ಒಂದು ಕೂದಲೆಳೆ ಆಚೀಚೆ ಆದ್ರೂ ಶ್ರುತಿ ಹೋಯ್ತು. ನಮ್ಮೋರ ಶ್ರುತಿ ಜ್ಞಾನ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ತಂಬೂರಿ ಪಕ್ಕದಲ್ಲಿ ಕೂತು ಬೆಳೆದ ಕಿವಿಗೆ ಅಪಸ್ವರ ತಕ್ಷಣ ಚುಚ್ಚುತ್ತೆ. ಸಂಕೋಚ ಬೇಡ, ನಿಮಗೆ ಕೇಳಿದ್ದು ಕೇಳಿದ್ದೇ.

ಇನ್ನೊಂದು, ದನಿ. ಚೆಲ್ಲೋದ ಹರವು ಗಂಡಸಿನ ದನಿಯ ಹತ್ರ ಹತ್ರ, ಟ್ರಾಂಬೋನು ಹಾರ್ನು ಎಲ್ಲ ಸೇರಿದ್ರೆ ಮುಳುಗಿ ಹೋಗೋದು ಸುಲಭ. ದ್ವೋರ್ಜಾಕ್‌ಗೇ ಮೊದ್ಲು ಇದ್ರ ಮೇಲೆ ನಂಬಿಕೆ ಇರ್ಲಿಲ್ಲ, ಮೇಲೆ ಹೋದ್ರೆ ಮೂಗಲ್ಲಿ ಹಾಡಿದಂಗೆ, ಕೆಳಗೆ ಬಂದ್ರೆ ಗೊಣಗಿದಂಗೆ ಅನ್ನೋ ಅಭಿಪ್ರಾಯ. 1894ರಲ್ಲಿ ನ್ಯೂಯಾರ್ಕಲ್ಲಿ ವಿಕ್ಟರ್ ಹರ್ಬರ್ಟ್ ಅನ್ನೋರ ಚೆಲ್ಲೋ ಕನ್ಸರ್ಟೋ ಕೇಳಿದ್ಮೇಲೆ ಮನಸ್ಸು ಬದಲಾಯ್ಸಿ ತಾನೂ ಬರೆಯೋಕೆ ಕೂತ. ಸೋ ಕೇಳೋವಾಗ ಗಮನಿಸಿ: ಆರ್ಕೆಸ್ಟ್ರಾ ಜೋರಾದಾಗ ಚೆಲ್ಲೋ ಕಿರುಚುತ್ತಾ, ಇಲ್ಲ ಕಿರುಚದೇ ಮೇಲೆ ಬರುತ್ತಾ? ಮೆಲ್ಲಗೆ ನುಡಿಸಿದಾಗ ನಿಮ್ಮ ಬೆನ್ನು ತಾನಾಗೇ ಮುಂದಕ್ಕೆ ಬಾಗ್ತಾ? ಕಮಾನು ತಿರುಗಿಸೋ ಜಾಗ ಗೊತ್ತಾಗದಂಗೆ ಉದ್ದ ಸ್ವರ ಹೋಗ್ತಾ? ಇವಕ್ಕೆ ಚಪ್ಪಾಳೆ ಹೊಡೀರಿ. ಓಟಕ್ಕೂ ಹೊಡೀರಿ, ಆದ್ರೆ ಆಮೇಲೆ.

ಅಳು ಬಂದ್ರೆ ಅಳಿ, ಅದಕ್ಕೆ ಯಾವ ರೂಲೂ ಇಲ್ಲ. ಮೂಗು ಮಾತ್ರ ಆಮೇಲೆ ಒರೆಸ್ಕೊಳ್ಳಿ.

ಕೊನೆಯ ಸ್ವರ

ಮೊದಲ ಬ್ರಾವೋ ನಂದೇ ಆಗ್ಬೇಕು ಅನ್ನೋ ಒಬ್ಬ ಮಹಾಶಯ ಎಲ್ಲಾ ಕಚೇರೀಲೂ ಇರ್ತಾನೆ. ಅವನಾಗ್ಬೇಡಿ.

ದ್ವೋರ್ಜಾಕ್ ಕೊನೆ ಹೇಗಿದೆ ಅಂದ್ರೆ, 1895ರಲ್ಲಿ ಆತ ಅಮೆರಿಕಾದಿಂದ ಊರಿಗೆ ವಾಪಸ್ ಬಂದ್ಮೇಲೆ ಹೆಂಡತಿಯ ಅಕ್ಕ ಜೋಸೆಫೀನಾ ತೀರಿಕೊಂಡ್ಳು, ಯೌವನದಲ್ಲಿ ಆತ ಇಷ್ಟಪಟ್ಟಿದ್ದು ಅವಳನ್ನೇ, ಮದುವೆ ಆಗಿದ್ದು ತಂಗಿಯನ್ನ. ಅವಳಿಗೆ ಇಷ್ಟವಾಗಿದ್ದ ಒಂದು ಹಾಡಿನ ರಾಗ ಎರಡನೇ ಭಾಗದಲ್ಲಿ ಮೊದ್ಲೇ ಇತ್ತು, ಸಾವಿನ ಸುದ್ದಿ ಆದ್ಮೇಲೆ ಕೊನೆಯನ್ನ ಉದ್ದ ಮಾಡಿ ಅದನ್ನ ಅಲ್ಲೂ ತಂದ. ಸ್ನೇಹಿತ ವಿಹಾನ್ ಅನ್ನೋ ಚೆಲ್ಲೋ ವಾದಕ ಅಲ್ಲೊಂದು ಭರ್ಜರಿ ಕೆಡೆಂಜಾ ಬೇಕು ಅಂದ್ರೂ ಸುತಾರಾಂ ಒಪ್ಲಿಲ್ಲ. ಹಾಗಾಗಿ ಕೊನೇಲಿ ಚೆಲ್ಲೋ ಇಳೀತಾ ಇಳೀತಾ ಒಂದು ಉಸಿರಿನ ಹಾಗೆ ಆಗಿ, ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಒಂದು ಉದ್ದ ಸ್ವರದಿಂದ ಮತ್ತೆ ಮೇಲೆದ್ದು ಆರ್ಕೆಸ್ಟ್ರಾ ಕೈಗೆ ಕೊಟ್ಬಿಡುತ್ತೆ, ಆರ್ಕೆಸ್ಟ್ರಾ ಧಡಾರ್ ಅಂತ ಮುಗ್ಸುತ್ತೆ. ಇಳಿಯೋ ಜಾಗದಲ್ಲಿ ಬ್ಯಾಗ್ ಹುಡುಕ್ಬೇಡಿ ದಯವಿಟ್ಟು. ಆ ಧಡಾರ್ ಆದ್ಮೇಲೆ ಕಾಯೋದೇನೂ ಬೇಡ, ತಕ್ಷಣ ಹೊಡೀರಿ. ಶೊಸ್ತಕೋವಿಚ್‌ದೂ ಹಾಗೇ, ಟಿಂಪನಿ ಅನ್ನೋ ದೊಡ್ಡ ನಗಾರಿಯ ಹೊಡೆತದಲ್ಲಿ ಕಟ್ ಆಗುತ್ತೆ.

ಮೆಲ್ಲಗೆ ಮುಗಿಯೋ ಕೃತಿಗಳಲ್ಲಿ ಮಾತ್ರ ಕಮಾನು ಪೂರ್ತಿ ಇಳಿಯೋವರೆಗೆ ಕಾಯ್ಬೇಕು, ಐದಾರು ಸೆಕೆಂಡ್ ಇಡೀ ಹಾಲ್ ಏನೂ ಮಾಡದೇ ಕೂತ್ರೆ ಅದು ಚಪ್ಪಾಳೆಗಿಂತ ದೊಡ್ಡ ರಿಯಾಕ್ಷನ್, ನುಡಿಸಿದೋರಿಗೂ ಗೊತ್ತಾಗುತ್ತೆ.

ಆಮೇಲೆ ಕೈ ನಿಲ್ಲಿಸ್ಬೇಡಿ. ಸೋಲೋಯಿಸ್ಟ್ ಒಳಗೆ ಹೋಗಿ ಮತ್ತೆ ಬರ್ತಾರೆ, ಮತ್ತೆ ಹೋಗ್ತಾರೆ, ಇದು ನಾಟಕ ಅಲ್ಲ, ಪದ್ಧತಿ. ಮೂರ್ನಾಲ್ಕು ಸಲ ಆಗೋವರೆಗೆ ಚಪ್ಪಾಳೆ ಉಳಿದ್ರೆ ಕೂತು ಇನ್ನೊಂದು ನುಡಿಸ್ತಾರೆ, ಬಹಳ ಸಲ ಬಾಖ್‌ನ ಸೋಲೋ ಸೂಟ್‌ಗಳಲ್ಲಿ (ಚೆಲ್ಲೋ ಒಂದೇ ನುಡಿಸೋ ತುಣುಕುಗಳ ಗುಚ್ಛ) ಒಂದು ಚಿಕ್ಕ ತುಂಡು. ಒನ್ಸ್ ಮೋರ್ ಅಂತ ಕೂಗೋದು, ಫರ್ಮಾಯಿಶ್ ಹೇಳೋದು ಬೇಡ, ಕೈ ಮಾತಾಡ್ಲಿ. ಬ್ರಾವೋ ಕೂಗ್ಬಹುದು. ಶಿಳ್ಳೆ ನನ್ನ ಲೆಕ್ಕದಲ್ಲಿ ಓಕೆ, ಎನ್‌ಸಿಪಿಎ ಲೆಕ್ಕದಲ್ಲಿ ಹುಬ್ಬು ಏರುತ್ತೆ.

ಸ್ಟ್ಯಾಂಡಿಂಗ್ ಒವೇಶನ್ ಬಗ್ಗೆ ನಂದೊಂದು ಕಂಪ್ಲೇಂಟ್ ಉಂಟು. ಮುಂಬೈಲಿ ಈಗ ಎಲ್ಲದಕ್ಕೂ ಏಳ್ತಾರೆ, ಮುಂದಿನ ಸಾಲು ಎದ್ರೆ ಹಿಂದಿನೋರಿಗೆ ಸ್ಟೇಜ್ ಕಾಣಲ್ಲ, ಅವ್ರೂ ಏಳ್ತಾರೆ, ಕೊನೆಗೆ ಹಾಲ್ ಪೂರ್ತಿ ಎದ್ದಿರುತ್ತೆ, ಅರ್ಧ ಜನ ಪಾರ್ಕಿಂಗ್ ಕಡೆ ನೋಡ್ತಿರ್ತಾರೆ. ಎಲ್ಲದಕ್ಕೂ ಎದ್ರೆ ನಿಜವಾಗಿ ಏಳ್ಬೇಕಾದಾಗ ಏನು ಮಾಡೋದು? ನಿಮ್ಮನ್ನ ಸಂಗೀತವೇ ಎಬ್ಬಿಸಿದ್ರೆ ಏಳಿ, ಇಲ್ಲಾಂದ್ರೆ ಕೂತೇ ಮನಸಾರೆ ಚಪ್ಪಾಳೆ ಹೊಡೀರಿ.

ಏಳಲೇಬೇಕಾದ ಕಚೇರಿ ಹೇಗಿರುತ್ತೆ ಅಂದ್ರೆ 1968ರ ಆಗಸ್ಟ್ 21 ನೋಡಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ಸೋವಿಯತ್ ಆರ್ಕೆಸ್ಟ್ರಾ, ರೊಸ್ತ್ರಪೋವಿಚ್, ಮೊದ್ಲೇ ನಿಗದಿಯಾಗಿದ್ದ ದ್ವೋರ್ಜಾಕ್ ಕನ್ಸರ್ಟೋ. ಹಿಂದಿನ ರಾತ್ರಿ ಸೋವಿಯತ್ ಟ್ಯಾಂಕ್‌ಗಳು ಚೆಕೊಸ್ಲೊವಾಕಿಯಾಗೆ ನುಗ್ಗಿದ್ವು, ದ್ವೋರ್ಜಾಕ್ ಅಲ್ಲಿಯೋನು. ಹೊರಗೆ ಪ್ರತಿಭಟನೆ, ಒಳಗೂ ಕೂಗಾಟ. ರೊಸ್ತ್ರಪೋವಿಚ್ ಕಣ್ಣೀರು ಸುರಿಸ್ತಾ ನುಡಿಸಿದ್ರು, ಮುಗಿದ್ಮೇಲೆ ದ್ವೋರ್ಜಾಕ್‌ನ ಸ್ಕೋರ್, ಅಂದ್ರೆ ಸ್ವರ ಬರೆದಿಟ್ಟ ಪುಸ್ತಕ, ತಲೆ ಮೇಲೆ ಎತ್ತಿ ಹಿಡಿದ್ರು. ಶುರುವಲ್ಲಿ ಕೂಗ್ತಿದ್ದ ಅದೇ ಹಾಲು ಕೊನೇಲಿ ಚಪ್ಪಾಳೆ ನಿಲ್ಲಿಸ್ಲಿಲ್ಲ. ರೆಕಾರ್ಡಿಂಗ್ ಸಿಗುತ್ತೆ, ಕೇಳಿ.

ಹೊರಗೆ ಬಂದ್ಮೇಲೆ

ಇಂಟರ್ವಲ್‌ನಲ್ಲಿ ಕಾಫಿ ಹಿಡ್ಕೊಂಡು ಸೂಪರ್, ಮೈಂಡ್‌ಬ್ಲೋಯಿಂಗ್ ಅನ್ನೋದು ಬಿಟ್ಟು ಒಂದು ಜಾಗ ಹೇಳೋಕೆ ಪ್ರಯತ್ನ ಮಾಡಿ. ಎರಡನೇ ಭಾಗದಲ್ಲಿ ಕೊಳಲಿನ ಜೊತೆ ಮಾತಾಡಿದ್ರಲ್ಲ, ಅದು ನಂಗೆ ಹಿಡಿಸ್ತು. ಅಷ್ಟೇ ಸಾಕು. ಹಿಡಿಸ್ಲಿಲ್ವಾ, ಅದನ್ನೂ ಹೇಳಿ, ಫಾರಿನ್ನಿಂದ ಬಂದೋರು ಅಂತ ಹೆದರ್ಬೇಡಿ. ಮೂರನೇ ಭಾಗಕ್ಕೆ ಸುಸ್ತಾದಂಗೆ ಕಾಣ್ತು, ಆರ್ಕೆಸ್ಟ್ರಾ ಅವರನ್ನ ಮುಳುಗಿಸ್ತು, ಇದೆಲ್ಲ ಮರ್ಯಾದೆಯ ಮಾತೇ.

ಅವತ್ತಿನ ತೀರ್ಪೇ ಕೊನೇ ತೀರ್ಪು ಅಂತ ಮಾತ್ರ ತಿಳ್ಕೋಬೇಡಿ. ಎಲ್ಗರ್ ಕನ್ಸರ್ಟೋ 1919ರ ಅಕ್ಟೋಬರ್ 27ಕ್ಕೆ ಮೊದಲ ಸಲ ನುಡಿಸಿದಾಗ ರಿಹರ್ಸಲ್ ಸಾಕಾಗದೆ ಮುಗ್ಗರಿಸ್ತು, ಜನ ತಣ್ಣಗಿದ್ರು. ಅವತ್ತು ಆರ್ಕೆಸ್ಟ್ರಾದ ಚೆಲ್ಲೋ ಸಾಲಲ್ಲಿ ಕೂತಿದ್ದ ಬಾರ್ಬಿರೋಲಿ ಅನ್ನೋ ಹುಡುಗ ಆಮೇಲೆ ದೊಡ್ಡ ಕಂಡಕ್ಟರ್ ಆಗಿ, 1965ರಲ್ಲಿ 20 ವರ್ಷದ ಚೆಲ್ಲೋ ವಾದಕಿ ಜಾಕ್ಲಿನ್ ದು ಪ್ರೇ ಜೊತೆ ಅದನ್ನೇ ರೆಕಾರ್ಡ್ ಮಾಡಿದ್ರು. ಇವತ್ತು ಆ ಕೃತಿ ಅಂದ್ರೆ ಜನಕ್ಕೆ ನೆನಪಾಗೋದು ಆ ರೆಕಾರ್ಡೇ.

ಸೋಲೋಯಿಸ್ಟ್ ಕೆಲವು ಸಲ ಫೋಯರ್‌ಗೆ ಬರ್ತಾರೆ, ಸಿಡಿಗೆ ಸೈನ್ ಹಾಕ್ತಾರೆ. ಆಗ ನೇರವಾಗಿ ಆ ಒಂದು ಜಾಗದ ಬಗ್ಗೆನೇ ಹೇಳಿ, ಅವ್ರ ಮುಖ ಅರಳುತ್ತೆ. ದು ಪ್ರೇ ಹೀಗೆ ನುಡಿಸ್ತಿದ್ರು ಅಂತ ಶುರು ಮಾಡ್ಬೇಡಿ, ಅದನ್ನ ಅವ್ರು ಊರೂರಲ್ಲಿ ಕೇಳಿರ್ತಾರೆ. ಕೈ ಕುಲುಕೋದಾದ್ರೆ ಮೆತ್ತಗೆ, ಬೆರಳುಗಳಿಗೆ ಅವತ್ತು ಸಾಕಷ್ಟಾಗಿರುತ್ತೆ. ಸೆಲ್ಫಿ ಕೇಳ್ಬಹುದು. ಚೆಲ್ಲೋ ಮುಟ್ಟಿ ನೋಡ್ಲಾ ಅಂತ ಮಾತ್ರ ಕೇಳ್ಬೇಡಿ ಮಾರಾಯ್ರೆ, ಅದ್ರಲ್ಲಿ ಎಷ್ಟೋ ವಾದ್ಯಗಳು ಇನ್ನೂರು ಮುನ್ನೂರು ವರ್ಷ ಹಳೇವು, ಒಂದೊಂದ್ರ ರೇಟಲ್ಲಿ ಮಾಟುಂಗಾದಲ್ಲಿ ಫ್ಲ್ಯಾಟೇ ಬರುತ್ತೆ.